ಸಿಲಿಕೋನ್ ಫೋಮ್

ಸಿಲಿಕೋನ್ ಫೋಮ್ ಎಂಬುದು ಸಿಲಿಕೋನ್ ರಬ್ಬರಿನೊಳಗೆ ಅಸಂಖ್ಯ ಸಣ್ಣ ರಂಧ್ರಗಳನ್ನು ಉಂಟುಮಾಡಿ ತಯಾರಿಸುವ ಹಗುರವಾದ, ಸ್ಪಂಜಿನಂತಹ ವಸ್ತು. ಸಂದುಗಳನ್ನು ಮುಚ್ಚುವ ಗ್ಯಾಸ್ಕೆಟ್, ಕಂಪನವನ್ನು ತಗ್ಗಿಸುವ ಮೆತ್ತೆ, ಬೆಂಕಿ ಹರಡದಂತೆ ತಡೆಯುವ ತುಂಬುವಸ್ತು ಮೊದಲಾದ ರೂಪಗಳಲ್ಲಿ ಇದು ಬಳಕೆಯಲ್ಲಿದೆ. ಒಂದೇ ಬಗೆಯ ರಬ್ಬರಿನಿಂದ ಬಹಳ ಮೆತ್ತನೆಯ ಫೋಮನ್ನೂ ಸುಲಭವಾಗಿ ಒತ್ತಲಾಗದ ಫೋಮನ್ನೂ ಪಡೆಯಬಹುದು. ರಂಧ್ರಗಳ ಪ್ರಮಾಣ ಮತ್ತು ಜೋಡಣೆಯನ್ನು ಬದಲಿಸುವುದೇ ಇದಕ್ಕೆ ಮುಖ್ಯ ಉಪಾಯ.

ಹೆಸರು ಮತ್ತು ಮೂಲವಸ್ತು

ಸಿಲಿಕಾನ್ ಮತ್ತು ಸಿಲಿಕೋನ್ ಎಂಬ ಪದಗಳನ್ನು ವಿದ್ಯಾರ್ಥಿಗಳು ಆಗಾಗ್ಗೆ ಒಂದೆಂದೇ ಭಾವಿಸುತ್ತಾರೆ. ಸಿಲಿಕಾನ್ ಒಂದು ಮೂಲಧಾತು. ಸಿಲಿಕೋನ್ ಎಂಬುದು ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದು ಸೇರಿ ಉದ್ದನೆಯ ಸರಪಳಿಯಾಗಿ, ಅದರ ಇಕ್ಕೆಲಗಳಲ್ಲಿ ಮೀಥೈಲ್‌ನಂತಹ ಇಂಗಾಲದ ಗುಂಪುಗಳನ್ನು ಹೊಂದಿರುವ ಪಾಲಿಮರ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ನಡೆಸಿದ ಫ್ರೆಡರಿಕ್ ಕಿಪ್ಪಿಂಗ್ ಅವರು ಈ ಸಂಯುಕ್ತಗಳನ್ನು ಕೀಟೋನ್‌ಗಳಿಗೆ ಹೋಲಿಸಿ ಈ ಹೆಸರನ್ನಿಟ್ಟರು. ಹೋಲಿಕೆ ಸರಿಯಲ್ಲವೆಂದು ತಿಳಿದ ನಂತರವೂ ಹೆಸರು ಉಳಿದುಕೊಂಡಿತು. 1940ರಲ್ಲಿ ಅಮೆರಿಕದ ಯೂಜೀನ್ ರೋಕೋ ಅವರು ಇದರ ಕಚ್ಚಾವಸ್ತುಗಳನ್ನು ನೇರವಾಗಿ ತಯಾರಿಸುವ ವಿಧಾನವನ್ನು ಕಂಡುಹಿಡಿದ ಮೇಲೆ ಸಿಲಿಕೋನ್‌ನ ಕೈಗಾರಿಕಾ ಉತ್ಪಾದನೆ ಸಾಧ್ಯವಾಯಿತು.

ತಯಾರಿಕೆ

ಕೈಗಾರಿಕೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ದ್ರವಗಳನ್ನು ಬೆರೆಸುವ ವಿಧಾನ. ಒಂದರಲ್ಲಿ ಸಿಲಿಕಾನ್–ಜಲಜನಕ ಬಂಧಗಳೂ ಇನ್ನೊಂದರಲ್ಲಿ ಹೈಡ್ರಾಕ್ಸಿಲ್ ಗುಂಪುಗಳೂ ಇರುತ್ತವೆ. ಪ್ಲಾಟಿನಂ ಕ್ರಿಯಾವರ್ಧಕದ ನೆರವಿನಿಂದ ಇವು ಕೂಡಿದಾಗ ಜಲಜನಕ ಅನಿಲ ಬಿಡುಗಡೆಯಾಗಿ ಗುಳ್ಳೆಗಳೇಳುತ್ತವೆ. ಅದೇ ವೇಳೆಗೆ ಸರಪಳಿಗಳ ನಡುವೆ ಅಡ್ಡಬಂಧಗಳು ಏರ್ಪಟ್ಟು ದ್ರವವು ರಬ್ಬರಾಗಿ ಗಟ್ಟಿಯಾಗುತ್ತದೆ. ಈ ಎರಡು ಕ್ರಿಯೆಗಳ ವೇಗ ಹೊಂದಿಕೊಳ್ಳಬೇಕು. ಬೇಗ ಗಟ್ಟಿಯಾದರೆ ಅನಿಲಕ್ಕೆ ಹಿಗ್ಗಲು ಎಡೆಯಿಲ್ಲದೆ ಫೋಮ್ ದಟ್ಟವಾಗುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ತಡವಾದರೆ ಸಣ್ಣ ಗುಳ್ಳೆಗಳು ಕೂಡಿ ದೊಡ್ಡವಾಗಿ ಒಡೆದು, ಉಬ್ಬಿದ್ದು ಕುಸಿಯುತ್ತದೆ. ಉಬ್ಬಿದ ಇಡ್ಲಿ ಹಿಟ್ಟನ್ನು ಹೊತ್ತು ಮೀರಿ ಬಿಟ್ಟರೆ ಅದು ಇಳಿದುಹೋಗುವುದನ್ನು ಕಂಡವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಜಲಜನಕವು ಸುಲಭವಾಗಿ ಹೊತ್ತಿಕೊಳ್ಳುವ ಅನಿಲವಾದ್ದರಿಂದ ತಯಾರಿಕೆಯ ಸ್ಥಳದಲ್ಲಿ ಗಾಳಿಯಾಟ ಅತ್ಯಗತ್ಯ. ಗಂಧಕ ಅಥವಾ ಅಮೀನ್‌ಗಳ ಅಲ್ಪಾಂಶವೂ ಪ್ಲಾಟಿನಂ ಅನ್ನು ನಿಷ್ಕ್ರಿಯಗೊಳಿಸಬಲ್ಲದು. ಕೆಲವು ರಬ್ಬರ್ ಕೈಗವಸುಗಳ ಸ್ಪರ್ಶದಿಂದಲೇ ಮಿಶ್ರಣ ಅಂಟಂಟಾಗಿ ಉಳಿಯುವುದುಂಟು.

ಪ್ರಯೋಗಾಲಯಗಳಲ್ಲಿ ಇನ್ನೂ ಸರಳವಾದ ಮಾರ್ಗವಿದೆ. ಸಕ್ಕರೆ ಅಥವಾ ಉಪ್ಪಿನ ಹರಳುಗಳ ನಡುವೆ ದ್ರವ ಸಿಲಿಕೋನನ್ನು ಇಳಿಸಿ, ಅದು ಗಟ್ಟಿಯಾದ ಬಳಿಕ ನೀರಿನಲ್ಲಿ ನೆನೆಸಿ ಹರಳುಗಳನ್ನು ಕರಗಿಸಲಾಗುತ್ತದೆ. ಹರಳುಗಳಿದ್ದ ಜಾಗವೇ ರಂಧ್ರವಾಗುತ್ತದೆ. ಹರಳಿನ ಗಾತ್ರವನ್ನು ಆರಿಸಿ ರಂಧ್ರದ ಗಾತ್ರವನ್ನು ಮೊದಲೇ ನಿರ್ಧರಿಸಬಹುದು. ಆದರೆ ಹರಳುಗಳು ಒಂದಕ್ಕೊಂದು ತಾಗಿರಬೇಕು, ಇಲ್ಲವಾದರೆ ಒಳಗಿನವು ಕರಗದೆ ಸಿಕ್ಕಿಬೀಳುತ್ತವೆ.

ಮೂರು ಆಯಾಮದ ಮುದ್ರಣದಲ್ಲಿ ಸಿಲಿಕೋನ್ ಎಳೆಗಳನ್ನು ಪದರ ಪದರವಾಗಿ ಹಾಸಲಾಗುತ್ತದೆ. ಎಳೆಗಳು ಒಂದನ್ನೊಂದು ದಾಟುವ ಬಿಂದುಗಳು ಕಂಬದಂತೆ ನೇರವಾಗಿ ಮೇಲಿಂದ ಕೆಳಕ್ಕೆ ಬಂದರೆ ರಚನೆ ಬಿಗಿಯಾಗಿರುತ್ತದೆ. ಅವನ್ನು ಪಕ್ಕಕ್ಕೆ ಸರಿಸಿದರೆ ಎಳೆಗಳು ಬಾಗಿ ಮೃದುವಾಗುತ್ತದೆ. ಎರಡರಲ್ಲೂ ರಬ್ಬರಿನ ಪ್ರಮಾಣ ಒಂದೇ ಇರಬಹುದು.

ಯಾಂತ್ರಿಕ ಗುಣಗಳ ಹೊಂದಾಣಿಕೆ

ರಂಧ್ರಗಳು ಪರಸ್ಪರ ಕೂಡಿಕೊಂಡಿರುವ ಫೋಮಿನ ಬಿಗಿತವು ಅದರ ಸಾಪೇಕ್ಷ ಸಾಂದ್ರತೆಯ ವರ್ಗಕ್ಕೆ ಸುಮಾರಾಗಿ ಅನುಪಾತದಲ್ಲಿರುತ್ತದೆ. ಲೋರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ ಅವರ ಹೆಸರಿನಿಂದ ಪ್ರಸಿದ್ಧವಾದ ಈ ನಿಯಮದಂತೆ, ರಬ್ಬರಿನ ಅಂಶವನ್ನು ಅರ್ಧಕ್ಕಿಳಿಸಿದರೆ ಬಿಗಿತ ಅರ್ಧವಲ್ಲ, ಕಾಲುಭಾಗಕ್ಕಿಳಿಯುತ್ತದೆ. ಹತ್ತನೆಯ ಒಂದು ಭಾಗ ಮಾತ್ರ ಉಳಿಸಿದರೆ ನೂರನೆಯ ಒಂದು ಭಾಗಕ್ಕೆ ಬರುತ್ತದೆ. ತೂಕದಲ್ಲಿ ಸಣ್ಣ ವ್ಯತ್ಯಾಸವಾದರೂ ಮೃದುತ್ವ ಬಹಳಷ್ಟು ಬದಲಾಗುವುದು ಈ ಕಾರಣದಿಂದ.

ಒತ್ತಿದಾಗ ಫೋಮ್ ಮೊದಲು ರಬ್ಬರಿನಂತೆ ಎದುರಿಸುತ್ತದೆ. ಬಳಿಕ ರಂಧ್ರಗಳ ಗೋಡೆಗಳು ಬಾಗಿ, ಒತ್ತಡ ಹೆಚ್ಚು ಏರದೆಯೇ ಬಹಳ ದೂರ ಕುಗ್ಗುತ್ತದೆ. ಕೊನೆಗೆ ಗೋಡೆಗಳು ಒಂದಕ್ಕೊಂದು ತಾಗಿ ಥಟ್ಟನೆ ಗಟ್ಟಿಯಾಗುತ್ತದೆ. ಆಘಾತವನ್ನು ಹೀರುವ ಕಾರ್ಯಕ್ಕೆ ನಡುವಿನ ಈ ಹಂತವೇ ಉಪಯುಕ್ತ.

ರಬ್ಬರನ್ನೂ ಬದಲಿಸಬಹುದು. ಪ್ರಯೋಗಾಲಯದ ಹಲವು ಸಿಲಿಕೋನ್‌ಗಳಲ್ಲಿ ಮೂಲದ್ರವ ಮತ್ತು ಗಟ್ಟಿಗೊಳಿಸುವ ದ್ರವವನ್ನು ತೂಕದಲ್ಲಿ 10:1ರಂತೆ ಬೆರೆಸುವುದು ವಾಡಿಕೆ. ಎರಡನೆಯದನ್ನು ಕಡಿಮೆ ಮಾಡಿದರೆ ಅಡ್ಡಬಂಧಗಳು ವಿರಳವಾಗಿ ವಸ್ತು ಮೆತ್ತಗಾಗುತ್ತದೆ. ನುಣುಪಾದ ಸಿಲಿಕಾ ಪುಡಿಯನ್ನು ಸೇರಿಸಿದರೆ ಬಲ ಹೆಚ್ಚುತ್ತದೆ, ಆದರೆ ದ್ರವ ದಪ್ಪಗಾಗಿ ಗುಳ್ಳೆಗಳು ಸರಾಗವಾಗಿ ಹಿಗ್ಗುವುದಿಲ್ಲ. ರಂಧ್ರ ಹೆಚ್ಚಿದಂತೆ ಫೋಮ್ ಸುಲಭವಾಗಿ ಹರಿಯುತ್ತದೆ. ಮೃದುತ್ವಕ್ಕೆ ತೆರಬೇಕಾದ ಬೆಲೆಯಿದು.

ಅಗ್ನಿನಿರೋಧಕವಾಗಿ

1975ರ ಮಾರ್ಚ್ 22ರಂದು ಅಮೆರಿಕದ ಅಲಬಾಮಾ ರಾಜ್ಯದ ಬ್ರೌನ್ಸ್ ಫೆರಿ ಅಣುಸ್ಥಾವರದಲ್ಲಿ, ಕೇಬಲ್‌ಗಳು ಗೋಡೆಯನ್ನು ಹಾದುಹೋಗುವ ಕಡೆ ಗಾಳಿ ಸೋರುತ್ತಿದೆಯೇ ಎಂದು ಕೆಲಸಗಾರರು ಮೇಣದಬತ್ತಿಯ ಜ್ವಾಲೆಯಿಂದ ಪರೀಕ್ಷಿಸುತ್ತಿದ್ದರು. ಅಲ್ಲಿ ತುಂಬಿದ್ದ ಪಾಲಿಯುರೆಥೇನ್ ಫೋಮ್ ಹೊತ್ತಿಕೊಂಡು 1,600ಕ್ಕೂ ಹೆಚ್ಚು ಕೇಬಲ್‌ಗಳು ಹಾನಿಗೊಂಡವು. ಇಂತಹ ತೂತುಗಳನ್ನು ಮುಚ್ಚಲು ಅಮೆರಿಕದ ಅಣುಸ್ಥಾವರಗಳಲ್ಲಿ ಸಿಲಿಕೋನ್ ಫೋಮ್ ಮುಂದೆ ವ್ಯಾಪಕವಾಗಿ ಬಳಕೆಗೆ ಬಂತು. ಅದು ಸುಲಭವಾಗಿ ಉರಿಯುವುದಿಲ್ಲ. ಉರಿದರೂ ಸಿಲಿಕಾ ಬೂದಿಯ ಪದರವಾಗಿ ನಿಂತು ಒಳಭಾಗವನ್ನು ಕಾಯುತ್ತದೆ. ಆದರೆ ತುಂಬುವಾಗ ಒಳಗೆ ದೊಡ್ಡ ಪೊಳ್ಳು ಉಳಿದರೆ, ಅಥವಾ ಫೋಮ್ ಕುಗ್ಗಿ ಅಂಚಿನಲ್ಲಿ ಬಿರುಕು ಬಿಟ್ಟರೆ, ಬೆಂಕಿ ಮತ್ತು ಹೊಗೆ ಆ ದಾರಿಯಲ್ಲೇ ನುಗ್ಗುತ್ತವೆ. ಹೊರಗಿನಿಂದ ನೋಡಿದರೆ ಒಳಗಿನ ಪೊಳ್ಳು ಕಾಣುವುದಿಲ್ಲ.