ಸಾರ್ವಜನಿಕ ಸ್ಥಳ: ಒಳಬರಲು ದಾರಿ, ಕುಳಿತುಕೊಳ್ಳಲು ಜಾಗ

ಹಣ ತೆರದೆ, ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲರೂ ಬಂದು ತಂಗಬಹುದಾದ ಜಾಗವೇ ನಗರದ ಸಾರ್ವಜನಿಕ ಸ್ಥಳ. ಉದ್ಯಾನ, ಚೌಕ, ಪಾದಚಾರಿ ಮಾರ್ಗ, ಕೆರೆಯ ದಂಡೆ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಕೆಲವು ಸದಾ ಜನರಿಂದ ತುಂಬಿರುತ್ತವೆ, ಅಪಾರ ವೆಚ್ಚದಲ್ಲಿ ನಿರ್ಮಿಸಿದ ಮತ್ತೆ ಕೆಲವು ಬಿಕೋ ಎನ್ನುತ್ತವೆ. ಇದಕ್ಕೆ ಕಾರಣವನ್ನು ಬಹುಮಟ್ಟಿಗೆ ವಿನ್ಯಾಸ ಮತ್ತು ನಿರ್ವಹಣೆಯಲ್ಲೇ ಹುಡುಕಬೇಕು.

ನ್ಯೂಯಾರ್ಕ್‌ನ ಪಾಠ

ನೆಲಮಟ್ಟದಲ್ಲಿ ಸಾರ್ವಜನಿಕರಿಗಾಗಿ ಅಂಗಳ ಬಿಟ್ಟುಕೊಡುವ ಕಟ್ಟಡಗಳಿಗೆ ಹೆಚ್ಚುವರಿ ನಿರ್ಮಾಣದ ಅವಕಾಶ ನೀಡುವ ನಿಯಮವನ್ನು ನ್ಯೂಯಾರ್ಕ್ ನಗರವು 1961ರಲ್ಲಿ ಜಾರಿಗೆ ತಂದಿತು. ಅಂಗಳಗಳೇನೋ ಸಾಲುಸಾಲಾಗಿ ನಿರ್ಮಾಣವಾದವು. ಆದರೆ ಅನೇಕ ಕಡೆ ಜನರು ಸುಳಿಯಲಿಲ್ಲ. 1970ರ ದಶಕದಲ್ಲಿ ವಿಲಿಯಂ ಎಚ್. ವೈಟ್ ಅವರು ಕ್ಯಾಮೆರಾಗಳ ನೆರವಿನಿಂದ ಜನರ ಚಲನವಲನವನ್ನು ಗಮನಿಸಿದರು. ಅಂಗಳದ ಆಕಾರ, ವಿಸ್ತೀರ್ಣಗಳಿಗಿಂತ ಕುಳಿತುಕೊಳ್ಳಲು ಇರುವ ಅವಕಾಶವೇ ಮುಖ್ಯವೆಂದು ಅವರು ಕಂಡುಕೊಂಡರು. ಮರ, ನೀರು, ಬಿಸಿಲು, ತಿಂಡಿಯ ಗಾಡಿ ಹಾಗೂ ಬೀದಿಯ ಸಾಮೀಪ್ಯ ಇವೂ ಜನರನ್ನು ಸೆಳೆಯುತ್ತಿದ್ದವು. 1975ರಲ್ಲಿ ನಗರವು ನಿಯಮ ತಿದ್ದಿ, ಅಂಗಳಗಳಲ್ಲಿ ಆಸನ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು.

ಅದೇ ನಗರದ ಬ್ರಯಂಟ್ ಪಾರ್ಕ್ ಇನ್ನೊಂದು ನಿದರ್ಶನ. ರಸ್ತೆಗಿಂತ ಎತ್ತರದಲ್ಲಿದ್ದು, ಬೇಲಿ ಮತ್ತು ಪೊದೆಗಳಿಂದ ಮರೆಯಾಗಿದ್ದ ಈ ಉದ್ಯಾನವು 1970ರ ದಶಕದಲ್ಲಿ ಮಾದಕ ವಸ್ತು ಮಾರಾಟಗಾರರ ತಾಣವಾಗಿತ್ತು. ಪೊದೆಗಳನ್ನು ತೆಗೆದು, ಪ್ರವೇಶದ್ವಾರಗಳನ್ನು ಹೆಚ್ಚಿಸಿ, ಎಲ್ಲಿಗೆ ಬೇಕಾದರೂ ಎಳೆದುಕೊಳ್ಳಬಹುದಾದ ಕುರ್ಚಿಗಳನ್ನು ಇರಿಸಿ 1992ರಲ್ಲಿ ಅದನ್ನು ಮತ್ತೆ ತೆರೆಯಲಾಯಿತು. ಜನರು ಮರಳಿ ಬಂದರು. ಮರೆಯಾದ ಜಾಗಕ್ಕಿಂತ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗವೇ ಹೆಚ್ಚು ಸುರಕ್ಷಿತ ಎಂಬುದಕ್ಕೆ ಇದು ಸಾಕ್ಷಿ.

ಬೆಂಗಳೂರಿನ ಬೀಗ

ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಆದರೆ ಜಾಗ ಉಳಿದ ಮಾತ್ರಕ್ಕೆ ಅದು ಎಲ್ಲರಿಗೂ ದಕ್ಕುವುದಿಲ್ಲ. ಬೆಂಗಳೂರಿನ ಅನೇಕ ಬಡಾವಣೆ ಉದ್ಯಾನಗಳು ಬಹುಕಾಲ ಬೆಳಿಗ್ಗೆ ಮತ್ತು ಸಂಜೆ ಮಾತ್ರ ತೆರೆದಿದ್ದು, ಮಧ್ಯಾಹ್ನ ಬೀಗ ಹಾಕಿಕೊಳ್ಳುತ್ತಿದ್ದವು. ವಾಯುವಿಹಾರಕ್ಕೆ ಬರುವವರಿಗೆ ಇದರಿಂದ ತೊಂದರೆ ಇರಲಿಲ್ಲ. ನೆರಳಿಲ್ಲದೆ ಬವಣೆಪಟ್ಟವರು ಬೀದಿಬದಿ ವ್ಯಾಪಾರಿಗಳು, ಪೌರಕಾರ್ಮಿಕರು, ಮನೆಮನೆಗೆ ಸಾಮಾನು ತಲುಪಿಸುವವರು. 2024ರಲ್ಲಿ ಅಂದಿನ ಬಿಬಿಎಂಪಿಯ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಸೂಚನೆ ಹೊರಟಿತು.

ಗಮನಿಸಬೇಕಾದ ಅಂಶಗಳು

ವೃದ್ಧರೂ ಗಾಲಿಕುರ್ಚಿಯವರೂ ಸುಲಭವಾಗಿ ಒಳಬರುವಂತಿರಬೇಕು. ನೆರಳಿನಲ್ಲಿ ಆಸನಗಳು, ಕುಡಿಯುವ ನೀರು, ಸ್ವಚ್ಛ ಶೌಚಾಲಯ ಮತ್ತು ಸಂಜೆಯ ನಂತರ ಸಾಕಷ್ಟು ಬೆಳಕು ಇರಬೇಕು. ಕಾರಂಜಿ, ಪ್ರತಿಮೆಗಳ ಯೋಚನೆ ಆಮೇಲಿನದು. ಬಿರುಬಿಸಿಲಿನ ಮಧ್ಯಾಹ್ನ ದಣಿದು ಬಂದವರಿಗೆ ಅರ್ಧ ಗಂಟೆ ಕೂರಲು ಅಲ್ಲಿ ಆಸರೆ ಸಿಗುವುದೇ ಎಂಬುದೇ ಉತ್ತಮ ಸಾರ್ವಜನಿಕ ಸ್ಥಳದ ಸರಳ ಪರೀಕ್ಷೆ.