ಹೆಸರು ಮುಚ್ಚಿಟ್ಟಾಗ ನಾಲಿಗೆ ಕೊಟ್ಟ ತೀರ್ಪು

ಮಾವಿನ ಸುಗ್ಗಿ ಬಂತೆಂದರೆ ನಮ್ಮಲ್ಲಿ ವಾದಕ್ಕೆ ಬರವಿಲ್ಲ. ಒಬ್ಬರಿಗೆ ಬಾದಾಮಿಯೇ ಆಗಬೇಕು, ಇನ್ನೊಬ್ಬರಿಗೆ ರಸಪೂರಿ, ಮತ್ತೊಬ್ಬರಿಗೆ ಮಲಗೋವಾ. ಹೋದ ವರ್ಷದ ಹಣ್ಣಿನ ರುಚಿ ಈ ವರ್ಷದ್ದಕ್ಕಿಲ್ಲ ಎಂದು ನಿಟ್ಟುಸಿರಿಡುವವರೂ ಇರುತ್ತಾರೆ. ಯುರೋಪು, ಅಮೆರಿಕಗಳಲ್ಲಿ ಇದೇ ಬಗೆಯ ವಾದ ವೈನಿನ ಸುತ್ತ ನಡೆಯುತ್ತದೆ. ವರ್ಷ ಮುಗಿಯುವ ಹೊತ್ತಿಗೆ ಅಲ್ಲಿನ ವೈನ್ ರಸಿಕರು ಒಂದೆಡೆ ಸೇರಿದರೆ, ಆ ವರ್ಷ ರುಚಿ ನೋಡಿದವುಗಳಲ್ಲಿ ಎಲ್ಲಕ್ಕಿಂತ ಮೇಲಾದುದು ಯಾವುದು ಎಂಬ ಚರ್ಚೆ ಏಳದೆ ಇರುವುದಿಲ್ಲ. ಎದ್ದ ಚರ್ಚೆ ಮುಗಿಯುವುದೂ ಇಲ್ಲ. ಏಕೆಂದರೆ ಪ್ರತಿಯೊಬ್ಬರೂ ತಮ್ಮ ನಾಲಿಗೆಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದರೆ ಹೇಳುವ ಸಾಕ್ಷ್ಯ ನಿಜಕ್ಕೂ ನಾಲಿಗೆಯದೋ, ಬಾಟಲಿಯ ಮೇಲೆ ಅಂಟಿಸಿದ ಹೆಸರಿನದೋ? ಈ ಪ್ರಶ್ನೆಯನ್ನು ಬಹಿರಂಗ ಪರೀಕ್ಷೆಗೆ ಒಡ್ಡಿದ ದಿನವೊಂದು ವೈನಿನ ಚರಿತ್ರೆಯಲ್ಲಿದೆ. ಅದು 1976ರ ಮೇ 24.

ಆ ದಿನದ ಕಥೆಗೆ ಮೊದಲು, ವೈನ್ ವಿಷಯದಲ್ಲಿ ‘ವರ್ಷ’ಕ್ಕೆ ಅಷ್ಟೊಂದು ಮಹತ್ವ ಏಕೆಂಬುದನ್ನು ತಿಳಿಯಬೇಕು. ಉತ್ತಮ ವೈನಿನ ಬಾಟಲಿಯ ಮೇಲೆ ಅದರ ದ್ರಾಕ್ಷಿಯನ್ನು ಕೊಯ್ದ ವರ್ಷವನ್ನು ನಮೂದಿಸಿರುತ್ತಾರೆ. ಹಣ್ಣು ಮಾಗುವ ಕಾಲಕ್ಕೆ ಮಳೆ ಹೊಡೆದರೆ ರಸ ತೆಳುವಾಗುತ್ತದೆ. ಬಿಸಿಲು ಹದವಾಗಿ ಬಿದ್ದರೆ ಸಕ್ಕರೆಯೂ ಹುಳಿಯೂ ಸಮನಾಗಿ ಕೂಡಿಕೊಳ್ಳುತ್ತವೆ. ಬಿಸಿಲು ಅತಿಯಾದರೆ ಹುಳಿ ಇಳಿದು ರುಚಿ ಚಪ್ಪೆಯಾಗುತ್ತದೆ. ಹೀಗಾಗಿ ಒಂದೇ ತೋಟದ, ಒಂದೇ ತಳಿಯ ದ್ರಾಕ್ಷಿಯಿಂದ ಒಬ್ಬನೇ ಕಸುಬುದಾರ ತಯಾರಿಸಿದ ವೈನ್ ಕೂಡ ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತದೆ. ಇದಲ್ಲದೆ ಕೆಲವು ಕೆಂಪು ವೈನ್‌ಗಳು ಬಾಟಲಿಯಲ್ಲಿದ್ದುಕೊಂಡೇ ಹತ್ತಾರು ವರ್ಷ ಪಕ್ವವಾಗುತ್ತ ಹೋಗುತ್ತವೆ. ಇಷ್ಟೆಲ್ಲ ವ್ಯತ್ಯಾಸಗಳಿರುವ ಕಡೆ ಮೇಲು ಕೀಳುಗಳನ್ನು ಗೊತ್ತುಮಾಡುವುದು ಸುಲಭದ ಕೆಲಸವಲ್ಲ.

ಆದರೂ ಆ ಕೆಲಸವನ್ನು ಫ್ರಾನ್ಸ್ ಬಹಳ ಹಿಂದೆಯೇ ಮಾಡಿ ಮುಗಿಸಿತ್ತು. 1855ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡದೊಂದು ವಸ್ತುಪ್ರದರ್ಶನ ನಡೆಯಿತು. ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಕಾಲ ಅದು. ಪ್ರದರ್ಶನಕ್ಕಾಗಿ ಬೋರ್ದೊ ಪ್ರಾಂತ್ಯದ ವೈನ್ ದಲ್ಲಾಳಿಗಳು ತಮ್ಮ ಸೀಮೆಯ ಹೆಸರಾಂತ ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿ ಪಟ್ಟಿ ಮಾಡಿಕೊಟ್ಟರು. ಸೋಜಿಗವೆಂದರೆ, ಈ ಪಟ್ಟಿ ಹುಟ್ಟಿದ್ದು ಬಾಟಲಿಗಳನ್ನು ಸಾಲಾಗಿಟ್ಟು ರುಚಿ ನೋಡಿದ್ದರಿಂದಲ್ಲ. ಯಾವ ತೋಟದ ವೈನಿಗೆ ಮಾರುಕಟ್ಟೆಯಲ್ಲಿ ಬಹುಕಾಲದಿಂದ ಎಷ್ಟು ಬೆಲೆ ಬರುತ್ತಿತ್ತು ಎಂಬುದೇ ಅದರ ಮುಖ್ಯ ಆಧಾರವಾಗಿತ್ತು. ಬೆಲೆ ಹೆಚ್ಚಿದ್ದವು ಮೊದಲ ದರ್ಜೆಗೆ ಏರಿದವು. ಮೊದಲ ದರ್ಜೆಯ ಹೆಸರು ಬಂದುದರಿಂದ ಅವುಗಳ ಬೆಲೆ ಹೆಚ್ಚಿಯೇ ಉಳಿಯಿತು. ಆ ಪಟ್ಟಿ ಎಷ್ಟು ಗಟ್ಟಿಯೆಂದರೆ, ಎರಡನೆಯ ದರ್ಜೆಯಲ್ಲಿದ್ದ ‘ಮೂಟೊ ರೋತ್‌ಶೀಲ್ಡ್’ ಮೊದಲನೆಯದಕ್ಕೆ ಏರಲು 1973ರವರೆಗೆ ಕಾಯಬೇಕಾಯಿತು. ಸರ್ಕಾರದ ಆದೇಶಕ್ಕೆ ಸಹಿ ಹಾಕಿದವರು ಆಗ ಕೃಷಿ ಮಂತ್ರಿಯಾಗಿದ್ದು ಮುಂದೆ ಅಧ್ಯಕ್ಷರಾದ ಜಾಕ್ ಶಿರಾಕ್.

ಅತ್ತ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಥಿತಿಯೇ ಬೇರೆ. ಅಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲೇ ದ್ರಾಕ್ಷಿ ತೋಟಗಳೆದ್ದಿದ್ದವು. ಆದರೆ 1920ರಿಂದ 1933ರವರೆಗೆ ಅಮೆರಿಕದಲ್ಲಿ ಜಾರಿಯಲ್ಲಿದ್ದ ಪಾನನಿಷೇಧ ಆ ಉದ್ಯಮದ ಬೆನ್ನು ಮುರಿಯಿತು. ನಿಷೇಧ ತೆರವಾದ ಮೇಲೂ ಬಹುಕಾಲ ಅಲ್ಲಿ ಹೆಚ್ಚಾಗಿ ತಯಾರಾದದ್ದು ಸಿಹಿಯಾದ, ಅಗ್ಗದ ವೈನ್. 1960ರ ದಶಕದಲ್ಲಿ ನಾಪಾ ಕಣಿವೆಗೆ ಹೊಸಬರು ಬಂದರು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ವಾರೆನ್ ವಿನಿಯಾರ್ಸ್ಕಿ ಆ ಕೆಲಸ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಬಂದು ವೈನ್ ಕಸುಬು ಕಲಿತರು. ಅವರಿಗಿಂತ ಮುಂಚೆ, 1958ರಲ್ಲಿ, ಯುಗೊಸ್ಲಾವಿಯಾದ ಕ್ರೊಯೇಷಿಯಾದಿಂದ ಮೈಕ್ ಗರ್ಗಿಚ್ ಬಂದಿದ್ದರು. ಡೇವಿಸ್‌ನಲ್ಲಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ಸಲಹೆ ಇವರಿಗೆಲ್ಲ ಒದಗುತ್ತಿತ್ತು. ಆದರೆ ಅವರ ಬಾಟಲಿಗಳು ಪ್ಯಾರಿಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ.

ಅನಿಸಿದ್ದು ಒಬ್ಬ ಆಂಗ್ಲರಿಗೆ. ಸ್ಟೀವನ್ ಸ್ಪರಿಯರ್ ಪ್ಯಾರಿಸ್ಸಿನಲ್ಲಿ ವೈನ್ ಅಂಗಡಿಯನ್ನೂ ವೈನ್ ಪರಿಚಯ ಮಾಡಿಕೊಡುವ ಶಾಲೆಯನ್ನೂ ನಡೆಸುತ್ತಿದ್ದರು. ಅವರ ಸಹೋದ್ಯೋಗಿ ಪೆಟ್ರೀಷಿಯಾ ಗ್ಯಾಲಗರ್ ಅಮೆರಿಕದವರು. 1976 ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷವಾದ್ದರಿಂದ, ಆ ನೆಪದಲ್ಲಿ ಕ್ಯಾಲಿಫೋರ್ನಿಯಾದ ವೈನ್‌ಗಳನ್ನು ಫ್ರೆಂಚ್ ಪರಿಣತರಿಗೆ ಪರಿಚಯಿಸಬೇಕೆಂಬುದು ಇವರಿಬ್ಬರ ಯೋಚನೆ. ಫ್ರೆಂಚ್ ವೈನುಗಳನ್ನು ಸೋಲಿಸುವ ಉದ್ದೇಶ ಸ್ಪರಿಯರ್ ಅವರಿಗಿರಲಿಲ್ಲ; ಅವರ ಜೀವನವೇ ಆ ವೈನುಗಳ ಮೇಲೆ ನಿಂತಿತ್ತು. ಆದರೆ ಕ್ಯಾಲಿಫೋರ್ನಿಯಾದ ಹೆಸರು ಕೇಳಿದೊಡನೆ ಪರಿಣತರು ಮೂಗು ಮುರಿಯಬಹುದೆಂದು ಅವರು ಊಹಿಸಿದರು. ಅದಕ್ಕಾಗಿ ಒಂದು ಉಪಾಯ ಹೂಡಿದರು. ಕೆಲವು ಶ್ರೇಷ್ಠ ಫ್ರೆಂಚ್ ವೈನ್‌ಗಳನ್ನೂ ಜೊತೆಗೆ ಸೇರಿಸಿ, ಎಲ್ಲದರ ಗುರುತನ್ನೂ ಮರೆಮಾಡಿ, ರುಚಿ ನೋಡಲು ಕೊಡುವುದೇ ಆ ಉಪಾಯ.

ಪ್ಯಾರಿಸ್ಸಿನ ಇಂಟರ್‌ಕಾಂಟಿನೆಂಟಲ್ ಹೋಟೆಲಿನಲ್ಲಿ ಒಂಬತ್ತು ಮಂದಿ ಫ್ರೆಂಚ್ ತೀರ್ಪುಗಾರರು ಸೇರಿದರು. ಯಾರೂ ಸಾಮಾನ್ಯರಲ್ಲ. ವೈನ್ ಪತ್ರಿಕೆಯೊಂದರ ಸಂಪಾದಕಿ ಓದೆತ್ ಕಾನ್, ಹೆಸರಾಂತ ಬಾಣಸಿಗ ರೇಮೋಂ ಒಲಿವೆರ್, ಬರ್ಗಂಡಿಯ ಅತಿ ಪ್ರಸಿದ್ಧ ತೋಟವಾದ ರೊಮಾನೆ ಕೋಂತಿಯ ಓಬೆರ್ ದ ವಿಲೇನ್ ಮುಂತಾದವರು ಅಲ್ಲಿದ್ದರು. ಶಾರ್ದೊನೆ ದ್ರಾಕ್ಷಿಯ ಹತ್ತು ಬಿಳಿ ವೈನ್‌ಗಳು, ಬಳಿಕ ಹತ್ತು ಕೆಂಪು ವೈನ್‌ಗಳು. ಎರಡೂ ಪಂಕ್ತಿಗಳಲ್ಲಿ ಆರು ಕ್ಯಾಲಿಫೋರ್ನಿಯಾದವು, ನಾಲ್ಕು ಫ್ರಾನ್ಸಿನವು. ಪ್ರತಿಯೊಬ್ಬರೂ ಪ್ರತಿ ವೈನಿಗೆ 20ಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಒಂಬತ್ತು ಜನರ ಅಂಕ ಕೂಡಿಸಿದರೆ ಗರಿಷ್ಠ 180. ಇಂಥ ಪರೀಕ್ಷೆಗಳಲ್ಲಿ ವೈನನ್ನು ಗಟಗಟ ಕುಡಿಯುವುದಿಲ್ಲ. ಬಣ್ಣ ನೋಡಿ, ಮೂಸಿ, ಬಾಯಲ್ಲಿ ಆಡಿಸಿ, ಉಗಿದುಬಿಡುತ್ತಾರೆ. ಪತ್ರಕರ್ತರನ್ನು ಕರೆದಿದ್ದರೂ ಬಂದವರು ‘ಟೈಮ್’ ಪತ್ರಿಕೆಯ ಜಾರ್ಜ್ ಟೇಬರ್ ಒಬ್ಬರೇ. ಫಲಿತಾಂಶ ಮೊದಲೇ ಗೊತ್ತಿರುವ ಸ್ಪರ್ಧೆಗೆ ಹೋಗುವುದೇಕೆಂದು ಮಿಕ್ಕವರು ಎಣಿಸಿರಬೇಕು.

ಟೇಬರ್ ಅವರ ಕೈಯಲ್ಲಿ ಯಾವ ಲೋಟದಲ್ಲಿ ಯಾವ ವೈನ್ ಎಂಬ ಪಟ್ಟಿಯಿತ್ತು. ಹಾಗಾಗಿ ತೀರ್ಪುಗಾರರ ಉದ್ಗಾರಗಳನ್ನು ಅವರು ಪಟ್ಟಿಯೊಂದಿಗೆ ತಾಳೆ ನೋಡಬಲ್ಲವರಾಗಿದ್ದರು. ನಾಪಾ ಕಣಿವೆಯ ಬಿಳಿ ವೈನೊಂದನ್ನು ಗುಟುಕರಿಸಿದ ಒಲಿವೆರ್, ಮತ್ತೆ ಫ್ರಾನ್ಸಿಗೆ ಬಂದಂತಾಯಿತು ಎಂದು ಸಂತೋಷಪಟ್ಟರು. ಇನ್ನೊಬ್ಬರು ಬರ್ಗಂಡಿಯ ಬೆಲೆಬಾಳುವ ವೈನನ್ನು ರುಚಿ ನೋಡಿ, ಇದಕ್ಕೆ ಪರಿಮಳವೇ ಇಲ್ಲ, ಖಂಡಿತ ಕ್ಯಾಲಿಫೋರ್ನಿಯಾದ್ದು ಎಂದರು. ನಡುವೆ ಬಿಳಿ ವೈನ್‌ಗಳ ಫಲಿತಾಂಶ ಹೊರಬಿತ್ತು. ಮೊದಲ ಸ್ಥಾನ ಗರ್ಗಿಚ್ ತಯಾರಿಸಿದ 1973ರ ‘ಶಾಟೊ ಮಾಂಟೆಲೀನಾ’ಕ್ಕೆ, 132 ಅಂಕ. ಬರ್ಗಂಡಿಯ ಮೆರ್ಸೊ 126.5 ಅಂಕ ಪಡೆದು ಎರಡನೆಯದಾಯಿತು. ಮೂರನೆಯದೂ ನಾಲ್ಕನೆಯದೂ ಮತ್ತೆ ಕ್ಯಾಲಿಫೋರ್ನಿಯಾದ ಪಾಲು.

ತೀರ್ಪುಗಾರರು ಬೆಚ್ಚಿದರು. ಕೆಂಪು ವೈನ್‌ಗಳ ಸರದಿಯಲ್ಲಾದರೂ ಹೀಗಾಗಬಾರದೆಂದು ಅವರು ಎಚ್ಚರ ವಹಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಕ್ಯಾಲಿಫೋರ್ನಿಯಾದ್ದು ಯಾವುದೆಂದು ಗುರುತು ಹಚ್ಚಿದರೆ ತಾನೇ ಅದಕ್ಕೆ ಅಂಕ ಕಡಿತಗೊಳಿಸುವುದು? ವಿನಿಯಾರ್ಸ್ಕಿ ಅವರ 1973ರ ‘ಸ್ಟ್ಯಾಗ್ಸ್ ಲೀಪ್’ 127.5 ಅಂಕ ಪಡೆದು ಮೊದಲ ಸ್ಥಾನಕ್ಕೆ ಬಂತು. ಅದರ ಬಳ್ಳಿಗಳನ್ನು ನೆಟ್ಟದ್ದು 1970ರಲ್ಲಿ. ಅಂದರೆ ಮೂರು ವರ್ಷದ ಎಳೆಯ ತೋಟದ ಫಸಲು ಅದು. 126 ಅಂಕಗಳೊಂದಿಗೆ ಎರಡನೆಯ ಸ್ಥಾನಕ್ಕೆ ಇಳಿದದ್ದು, ಮೂರು ವರ್ಷದ ಹಿಂದಷ್ಟೇ ಮೊದಲ ದರ್ಜೆಗೆ ಬಡ್ತಿ ಪಡೆದ ಮೂಟೊ. ಓದೆತ್ ಕಾನ್ ತಾವು ಅಂಕ ಬರೆದ ಹಾಳೆಯನ್ನು ವಾಪಸು ಕೇಳಿದರೆಂದೂ ಸ್ಪರಿಯರ್ ಕೊಡಲಿಲ್ಲವೆಂದೂ ಟೇಬರ್ ಮುಂದೆ ಬರೆದರು. 1976ರ ಜೂನ್ 7ರ ‘ಟೈಮ್’ ಸಂಚಿಕೆಯಲ್ಲಿ ಅವರ ಪುಟ್ಟ ವರದಿ ಪ್ರಕಟವಾಯಿತು. ‘ಪ್ಯಾರಿಸ್ಸಿನ ತೀರ್ಪು’ ಎಂಬ ಹೆಸರು ಈ ಘಟನೆಗೆ ಅಂಟಿಕೊಂಡದ್ದು ಆಗಲೇ. ಫ್ರೆಂಚ್ ಪತ್ರಿಕೆಗಳು ತಿಂಗಳುಗಟ್ಟಲೆ ಮೌನವಾಗಿದ್ದು, ಬಳಿಕ ಅದನ್ನು ಲಘುವಾಗಿ ತಳ್ಳಿಹಾಕಿದವು.

ಆದರೆ ಆ ತೀರ್ಪು ಹೇಳಿದ್ದೇನು? ಕ್ಯಾಲಿಫೋರ್ನಿಯಾದ ವೈನ್ ಫ್ರಾನ್ಸಿನದಕ್ಕಿಂತ ಮೇಲು ಎಂದೇ? ಹಾಗೆ ಹೇಳಲು ಬರುವುದಿಲ್ಲ. ಕೆಂಪು ವೈನ್‌ಗಳಲ್ಲಿ ಎರಡು, ಮೂರು, ನಾಲ್ಕನೆಯ ಸ್ಥಾನಗಳು ಫ್ರಾನ್ಸಿನವೇ ಆಗಿದ್ದವು. ಕೊನೆಯ ನಾಲ್ಕೂ ಕ್ಯಾಲಿಫೋರ್ನಿಯಾದವು. ಮೊದಲನೆಯದಕ್ಕೂ ಎರಡನೆಯದಕ್ಕೂ ಇದ್ದ ಅಂತರ 180ರಲ್ಲಿ ಕೇವಲ ಒಂದೂವರೆ ಅಂಕ. ಒಬ್ಬ ತೀರ್ಪುಗಾರ ಅಂದು ಬೆಳಗ್ಗೆ ಬೇರೆ ಮನಃಸ್ಥಿತಿಯಲ್ಲಿದ್ದಿದ್ದರೂ ಅದು ಅದಲುಬದಲಾಗುತ್ತಿತ್ತು. ಬೋರ್ದೊ ವೈನ್ ನಿಧಾನವಾಗಿ ಪಕ್ವವಾಗುವಂಥದು, ಕಾಲ ಕಳೆದಂತೆ ಅದರ ನಿಜ ಗುಣ ತಿಳಿಯುತ್ತದೆ ಎಂಬ ಫ್ರೆಂಚರ ಆಕ್ಷೇಪಣೆಯೂ ಕೇಳಬೇಕಾದದ್ದೇ. ಅದನ್ನೂ ಪರೀಕ್ಷಿಸಲಾಯಿತು. ಸರಿಯಾಗಿ ಮೂವತ್ತು ವರ್ಷಗಳ ಬಳಿಕ, 2006ರ ಮೇ 24ರಂದು, ಅವೇ ಕೆಂಪು ವೈನ್‌ಗಳನ್ನು ಲಂಡನ್ನಿನಲ್ಲೂ ನಾಪಾದಲ್ಲೂ ಏಕಕಾಲಕ್ಕೆ ರುಚಿ ನೋಡಿದರು. ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಾಕ್ಕೇ ಹೋದವು. ಆದರೆ ಈ ಸಲ ಮೊದಲು ಬಂದದ್ದು ಸ್ಟ್ಯಾಗ್ಸ್ ಲೀಪ್ ಅಲ್ಲ, 1976ರಲ್ಲಿ ಐದನೆಯದಾಗಿದ್ದ ‘ರಿಜ್ ಮಾಂಟೆ ಬೆಲ್ಲೊ’.

ನಾಲಿಗೆಯನ್ನು ಎಷ್ಟು ನಂಬಬಹುದೆಂಬ ಪ್ರಶ್ನೆಯನ್ನು ವಿಜ್ಞಾನಿಗಳು ಇನ್ನೂ ಮುಂದಕ್ಕೆ ಒಯ್ದರು. ಬೋರ್ದೊದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಂದರೆ ಮೂಗು ಮೂಸುವ ಮೊದಲೇ ಕಣ್ಣು ತೀರ್ಪು ಕೊಟ್ಟಿರುತ್ತದೆ. ಕ್ಯಾಲಿಫೋರ್ನಿಯಾದ ವೈನ್ ತಯಾರಕರೂ ಸಂಖ್ಯಾಶಾಸ್ತ್ರ ಬಲ್ಲವರೂ ಆದ ರಾಬರ್ಟ್ ಹಾಡ್ಜ್‌ಸನ್, 2005ರಿಂದ 2008ರವರೆಗೆ ಅಲ್ಲಿನ ರಾಜ್ಯ ಮೇಳದ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ಬೇರೆ ಬೇರೆ ಲೋಟಗಳಲ್ಲಿ ಮೂರು ಸಲ ಕೊಡಿಸಿ ನೋಡಿದರು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟ ತೀರ್ಪುಗಾರರು ಹತ್ತಕ್ಕೆ ಒಬ್ಬರಷ್ಟೆ.

ಹಾಗಾದರೆ ಇದೆಲ್ಲ ಬರಿಯ ಭ್ರಮೆಯೇ? ಅಲ್ಲ. ಕೆಟ್ಟ ವೈನನ್ನೂ ಒಳ್ಳೆಯ ವೈನನ್ನೂ ಪರಿಣತರು ಬೇರ್ಪಡಿಸಬಲ್ಲರು. ಅವರಿಗೆ ಕಷ್ಟವಾಗುವುದು ಒಳ್ಳೆಯವುಗಳ ನಡುವೆ ಅತ್ಯುತ್ತಮವನ್ನು ಹೆಕ್ಕುವುದು. ನಾಲಿಗೆ ಸುಮ್ಮನಾಗುವ ಆ ಎಡೆಗೆ ಹೆಸರು ಬಂದು ಕೂರುತ್ತದೆ. ಪ್ಯಾರಿಸ್ಸಿನಲ್ಲಿ ಗುರುತು ಮರೆಮಾಡಿದ್ದರಿಂದ ಯಾವುದು ಶ್ರೇಷ್ಠ ಎಂಬುದು ಶಾಶ್ವತವಾಗಿ ಇತ್ಯರ್ಥವಾಗಲಿಲ್ಲ. ಆದರೆ ಹೊಗಳಿಕೆಯಲ್ಲಿ ರುಚಿಗೆ ಸಲ್ಲಬೇಕಾದದ್ದು ಎಷ್ಟು, ಹೆಸರಿಗೆ ಸಂದದ್ದು ಎಷ್ಟು ಎಂಬ ಲೆಕ್ಕ ಬಯಲಾಯಿತು. ಹೆಸರಿಲ್ಲದ ಬೆಳೆಗಾರನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಾರದು. ಆ ತೀರ್ಪಿನ ಬಳಿಕ ಬೇರೆ ದೇಶಗಳ ವೈನ್ ತಯಾರಕರಿಗೂ ಧೈರ್ಯ ಬಂತು. ಒಳ್ಳೆಯ ವೈನ್ ಫ್ರಾನ್ಸಿನ ಮಣ್ಣಿನಲ್ಲಿ ಮಾತ್ರ ಹುಟ್ಟುತ್ತದೆ ಎಂಬ ನಂಬಿಕೆ ಸಡಿಲಾಯಿತು.

ಆ ‘ಫ್ರೆಂಚ್ ಮಣ್ಣಿನ’ ಮಾತಿನಲ್ಲೂ ಒಂದು ವಿನೋದವಿದೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಸೂಕ್ಷ್ಮ ಕೀಟವೊಂದು ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರು ಹೀರಿ ತೋಟಗಳನ್ನೇ ನೆಲಸಮ ಮಾಡಿತು. ಕಡೆಗೆ ದಾರಿ ತೋರಿದ್ದು ಕಸಿ. ಕೀಟವನ್ನು ತಡೆದುಕೊಳ್ಳಬಲ್ಲ ಅಮೆರಿಕದ ಬಳ್ಳಿಯ ಬೇರಿನ ಮೇಲೆ ಫ್ರೆಂಚ್ ತಳಿಯನ್ನು ಕಸಿ ಕಟ್ಟಿದರು. ಅಲ್ಲಿನ ಬಹುಪಾಲು ತೋಟಗಳು ಇಂದಿಗೂ ಅಮೆರಿಕದ ಬೇರಿನ ಮೇಲೆಯೇ ನಿಂತಿವೆ. ನಮ್ಮ ವಿಜಯಪುರದ ಕಡೆಯ ರೈತರು ಬರ ಮತ್ತು ಸವುಳು ತಾಳಿಕೊಳ್ಳಲೆಂದು ಕಸಿಗೆ ಬಳಸುವ ‘ಡಾಗ್ ರಿಜ್’ ಕೂಡ ಅಮೆರಿಕ ಮೂಲದ್ದೇ. 2013ರಲ್ಲಿ ಭೌಗೋಳಿಕ ಗುರುತು ಪಡೆದ ‘ಬೆಂಗಳೂರು ನೀಲಿ’ ದ್ರಾಕ್ಷಿಯ ವಂಶದಲ್ಲೂ ಅಮೆರಿಕದ ಕಾಡು ದ್ರಾಕ್ಷಿಯಿದೆ. ಅದೇ ನಂದಿಬೆಟ್ಟದ ಸುತ್ತ 1980ರ ದಶಕದ ಕೊನೆಯಿಂದ ಫ್ರೆಂಚ್ ತಳಿಗಳೂ ಬೇರೂರಿವೆ.

ಹೆಸರು ಮುಚ್ಚಿ ಗುಣ ನೋಡುವ ಪದ್ಧತಿ ಕನ್ನಡನಾಡಿಗೂ ಹೊಸದಲ್ಲ. ಕಾಫಿ ವಹಿವಾಟಿನಲ್ಲಿ ಪರಿಣತರು ಸಂಖ್ಯೆ ಮಾತ್ರವಿರುವ ಬಟ್ಟಲುಗಳಿಂದ ಚಮಚದಲ್ಲಿ ಸೊರ್ರನೆ ಹೀರಿ ಗುಣ ಅಳೆಯುತ್ತಾರೆ. ಕಾಫಿ ಮಂಡಳಿ 2002ರಲ್ಲಿ ಆರಂಭಿಸಿದ ರುಚಿ ಸ್ಪರ್ಧೆಯ ಜೀವಾಳವೂ ಇದೇ. ಅಲ್ಲಿ ದೊಡ್ಡ ಎಸ್ಟೇಟಿನ ಕಾಫಿಗೂ ಸಣ್ಣ ಬೆಳೆಗಾರನ ಕಾಫಿಗೂ ಒಂದೇ ಬಗೆಯ ಬಟ್ಟಲು. ವರ್ಷದ ವೈನ್ ಯಾವುದೆಂಬ ವಾದ ಮುಂದೆಯೂ ನಡೆಯುತ್ತದೆ, ನಡೆಯಲಿ. ವಾದಿಸುವವರ ನಡುವೆ ಒಬ್ಬರಾದರೂ ಎದ್ದು ಬಾಟಲಿಗೆ ಬಟ್ಟೆ ಸುತ್ತಿದರೆ, ಹೆಸರು ಕೇಳರಿಯದ ಯಾವುದೋ ತೋಟದ ದುಡಿಮೆಗೂ ನ್ಯಾಯ ಸಿಗುವ ಅವಕಾಶ ಉಳಿಯುತ್ತದೆ.