ಪ್ಯಾರಾಸಿಟಮಾಲ್: ಸುರಕ್ಷತೆಯ ಇತಿಹಾಸ

ಜ್ವರ, ತಲೆನೋವು, ಮೈಕೈನೋವಿಗೆ ಜನ ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಮಾತ್ರೆಗಳಲ್ಲಿ ಮುಖ್ಯವಾದುದು ಪ್ಯಾರಾಸಿಟಮಾಲ್. ಅಮೆರಿಕದಲ್ಲಿ ಇದಕ್ಕೆ ಅಸೆಟಾಮಿನೋಫೆನ್ ಎಂಬ ಹೆಸರಿದೆ. 1870ರ ದಶಕದಲ್ಲಿ ಹಾರ್ಮನ್ ಮೋರ್ಸ್ ಇದನ್ನು ಮೊದಲು ತಯಾರಿಸಿದರು. 1893ರಲ್ಲಿ ಜರ್ಮನಿಯ ಯೋಸೆಫ್ ಫಾನ್ ಮೆರಿಂಗ್ ರೋಗಿಗಳಿಗೆ ಕೊಟ್ಟು ನೋಡಿ, ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಇದು ಕುಂದಿಸುತ್ತದೆ ಎಂದರು. ಅವರ ಮಾದರಿಯಲ್ಲಿ ಬೆರೆತಿದ್ದ ಕಲ್ಮಶವೇ ಇದಕ್ಕೆ ಕಾರಣವಿರಬೇಕು ಎಂಬುದು ನಂತರದವರ ಊಹೆ. ಅಂತೂ ಅರ್ಧ ಶತಮಾನ ಇದು ಮೂಲೆಗುಂಪಾಯಿತು. ಆ ಕಾಲದಲ್ಲಿ ಮೆರೆದ ಫಿನಾಸೆಟಿನ್ ಎಂಬ ನೋವುನಿವಾರಕ ಮೂತ್ರಪಿಂಡವನ್ನು ಕೆಡಿಸುತ್ತದೆಂದು ಆಮೇಲೆ ಗೊತ್ತಾಗಿ ಹಲವು ದೇಶಗಳಿಂದ ಹೊರಬಿತ್ತು.

ಫಿನಾಸೆಟಿನ್ ದೇಹದೊಳಗೆ ಪ್ಯಾರಾಸಿಟಮಾಲ್ ಆಗಿಯೇ ನೋವು ಕಳೆಯುತ್ತದೆಂದು 1948-49ರಲ್ಲಿ ಸಂಶೋಧಕರಾದ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ತೋರಿಸಿದರು. 1955ರಲ್ಲಿ ಅಮೆರಿಕದಲ್ಲಿ ಟೈಲೆನಾಲ್, ಮರುವರ್ಷ ಬ್ರಿಟನ್ನಿನಲ್ಲಿ ಪ್ಯಾನಡಾಲ್ ಬಂದವು. ಆಸ್ಪಿರಿನ್ನಿನ ಹಾಗೆ ಹೊಟ್ಟೆಯಲ್ಲಿ ರಕ್ತ ಸುರಿಸದ ಮಾತ್ರೆ ಎಂಬ ಹೊಗಳಿಕೆ ಸುಳ್ಳಲ್ಲ. ಆದರೆ ಅಪಾಯ ಯಕೃತ್ತಿನಲ್ಲಿತ್ತು. ಅತಿಯಾಗಿ ನುಂಗಿದವರ ಯಕೃತ್ತು ಸತ್ತುಹೋದ ವರದಿ 1966ರಲ್ಲಿ ಎಡಿನ್‌ಬರೋದಿಂದ ಬಂತು.

ಈ ವಿಷದ ನಡೆ ಮೋಸದ್ದು. ಮೊದಲ ದಿನ ಒಂದಷ್ಟು ವಾಕರಿಕೆ, ಅಷ್ಟೇ. ರೋಗಿ ಚೇತರಿಸಿಕೊಂಡಂತೆ ಕಾಣುತ್ತಾರೆ. ಎರಡು ಮೂರು ದಿನ ಕಳೆದು ಕಣ್ಣು ಹಳದಿಯಾಗುವ ಹೊತ್ತಿಗೆ ಯಕೃತ್ತು ಹಾಳಾಗಿರುತ್ತದೆ. ಕಾರಣ 1973ರಲ್ಲಿ ಸ್ಪಷ್ಟವಾಯಿತು: ಮದ್ದಿನ ಒಂದು ಪಾಲು ಯಕೃತ್ತಿನಲ್ಲಿ ವಿಷಕಾರಿ ವಸ್ತುವಾಗುತ್ತದೆ, ಅಲ್ಲಿನ ಗ್ಲುಟಾಥಯಾನ್ ಎಂಬ ವಸ್ತು ಅದನ್ನು ನಿರ್ವಿಷಗೊಳಿಸುತ್ತದೆ, ಗ್ಲುಟಾಥಯಾನ್‌ನ ದಾಸ್ತಾನು ಬರಿದಾದರೆ ಜೀವಕೋಶಗಳೇ ಬಲಿ. ದಾಸ್ತಾನು ತುಂಬಿಸುವ ಅಸಿಟೈಲ್‌ಸಿಸ್ಟೀನನ್ನು ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ 1970ರ ದಶಕದಲ್ಲಿ ಚಿಕಿತ್ಸೆಗೆ ತಂದರು. ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಯಕೃತ್ತು ಬಹುತೇಕ ಉಳಿಯುತ್ತದೆ.

1998ರಲ್ಲಿ ಬ್ರಿಟನ್ ಪೊಟ್ಟಣವನ್ನೇ ಚಿಕ್ಕದು ಮಾಡಿತು: ಸಾಮಾನ್ಯ ಅಂಗಡಿಯಲ್ಲಿ 16, ಔಷಧಿ ಅಂಗಡಿಯಲ್ಲಿ 32 ಮಾತ್ರೆ. ಆತ್ಮಹತ್ಯೆಗೆ ಕೈಗೆಟುಕುವಷ್ಟನ್ನೇ ಕಡಿಮೆ ಮಾಡುವ ಈ ಉಪಾಯ ಎಚ್ಚರಿಕೆಯ ಚೀಟಿಗಿಂತ ಜಾಣತನದ್ದು.

ಭಾರತದಲ್ಲಿ ಕೋವಿಡ್ ಕಾಲಕ್ಕೆ ಮನೆಮಾತಾದ ಪ್ಯಾರಾಸಿಟಮಾಲ್ ಮಾತ್ರೆ ಡೋಲೋ 650 ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನದು. ವಯಸ್ಕರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ಕುಡಿತದವರಿಗೆ, ತೀರಾ ಬಡಕಲಾದವರಿಗೆ ಇನ್ನೂ ಕಡಿಮೆ. 650 ಮಿಲಿಗ್ರಾಂನ ಆರು ಮಾತ್ರೆಗೇ 3.9 ಗ್ರಾಂ ಆಯಿತು. ಹಲವು ಶೀತದ ಮಾತ್ರೆಗಳಲ್ಲೂ ಇದೇ ಮದ್ದು ಸೇರಿರುತ್ತದೆ, ಹೊರಗಿನ ಹೆಸರು ಮಾತ್ರ ಬೇರೆ.